ತೆನೆ ಉದುರಿಸುವ ಹುಲ್ಲು

(ಕಲಬುರಗಿಯಲ್ಲಿ ರೈತರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಇವತ್ತು ನಾನು ಹೇಳಲು ಬಂದಿರುವ ಹುಲ್ಲು ಕಲಬುರಗಿಯಲ್ಲಿ ಬೆಳೆಯುವುದಿಲ್ಲ. ಬೀದರ್, ಯಾದಗಿರಿಯಲ್ಲೂ ಇಲ್ಲ. ಅದು ಕಾಡು ಬಾರ್ಲಿ. ನಾವು ಜ್ವರ ಬಂದವರಿಗೆ ಗಂಜಿ ಕಾಯಿಸಿ ಕೊಡುತ್ತೇವಲ್ಲ, ಆ ಬಾರ್ಲಿಯ ಮೂಲ ಗಿಡ. ಅದರ ಸೀಮೆ ಇಸ್ರೇಲ್, ಜೋರ್ಡನ್, ಸಿರಿಯಾದಿಂದ ಶುರುವಾಗುತ್ತದೆ. ಟರ್ಕಿಯ ಆಗ್ನೇಯದ ಬೆಟ್ಟಗಳನ್ನು ಹಾದು, ಇರಾಕ್ ದಾಟಿ, ಇರಾನಿನ ಜಾಗ್ರೋಸ್ ಬೆಟ್ಟಸಾಲಿಗೆ ಹೋಗುತ್ತದೆ. ಅಲ್ಲಿಂದಾಚೆ ಅಫ್ಘಾನಿಸ್ತಾನ, ಮಧ್ಯ ಏಷ್ಯಾದಲ್ಲೂ ಸಿಗುತ್ತದೆ.

ಅಷ್ಟು ದೂರದ ಹುಲ್ಲು ನಮಗೆ ಯಾಕೆ ಅಂತ ನೀವು ಕೇಳಬಹುದು. ನಿಮ್ಮ ಹಿಂಗಾರಿ ಹೊಲ ನೆನಪಿಸಿಕೊಳ್ಳಿ. ಕಡಲೆ ಇದೆ. ಕೆಲವರದ್ದರಲ್ಲಿ ಗೋಧಿ ಇದೆ, ಒಂದೆರಡು ಸಾಲು ಅಗಸಿ ಇದೆ. ಈ ಮೂರೂ ಅದೇ ಸೀಮೆಯಿಂದ ಬಂದ ಬೆಳೆಗಳು. ಕಡಲೆಯ ಕಾಡು ಮೂಲ ಇವತ್ತಿಗೂ ಟರ್ಕಿಯ ಆಗ್ನೇಯ ಮೂಲೆಯ ಸಣ್ಣ ಜಾಗದಲ್ಲಿ ಉಳಿದುಕೊಂಡಿದೆ. ಕಾಡು ಬಾರ್ಲಿ ಅಲ್ಲಿ ಅದರ ನೆರೆಯ ಗಿಡ.

ಆ ಸೀಮೆಯ ಮಳೆ ನಮ್ಮದರ ಹಾಗಲ್ಲ. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಬೇಸಿಗೆ ಪೂರ್ತಿ ಒಣ. ಚಳಿಯ ಮೊದಲ ಮಳೆಗೆ ಬೀಜ ಮೊಳೆಯಬೇಕು, ಏಪ್ರಿಲ್, ಮೇ ಹೊತ್ತಿಗೆ ಕಾಳು ಕಟ್ಟಿ ಮುಗಿಸಬೇಕು. ಆ ಬೆಟ್ಟಗಳಲ್ಲಿ ಹುಟ್ಟಿದ ಬೆಳೆಗಳಿಗೆಲ್ಲ ತಂಪು ಬೇಕು. ನಾವು ಕಡಲೆಯನ್ನು ದಸರೆಯ ಆಚೀಚೆ ಬಿತ್ತುವುದಕ್ಕೆ ಮೂಲ ಕಾರಣ ಅಲ್ಲಿದೆ. ತೊಗರಿ ಹಾಗಲ್ಲ. ಅದು ಭಾರತದ್ದೇ ಗಿಡ, ಮಳೆಗಾಲದ್ದು, ಅದಕ್ಕೆ ಮುಂಗಾರಿಗೆ ಬಿತ್ತುತ್ತೇವೆ. ಜೋಳ ಆಫ್ರಿಕಾದಿಂದ ಬಂದು ನಮ್ಮ ಎರೆ ಭೂಮಿಯಲ್ಲಿ ಎರಡೂ ಹಂಗಾಮಿಗೆ ಒಗ್ಗಿಕೊಂಡಿತು. ಅದರ ಕತೆ ಇನ್ನೊಂದು ದಿನಕ್ಕೆ ಇರಲಿ.

ಈಗ ಗಿಡ ನೋಡೋಣ. ಕಾಡು ಬಾರ್ಲಿ ನೋಡಲು ಗೋಧಿ ಪೈರಿನ ಹಾಗೇ ಇರುತ್ತದೆ, ಆದರೆ ತೆಳು. ತೆನೆ ಚಪ್ಪಟೆ. ತೆನೆಯ ನಡುಕಡ್ಡಿಯ ಪ್ರತಿ ಗೆಣ್ಣಿನಲ್ಲೂ ಮೂರು ಹೂ. ನಡುವಿನದು ಮಾತ್ರ ಕಾಳು ಕಟ್ಟುತ್ತದೆ, ಪಕ್ಕದ ಎರಡು ಬರಡು. ಹಾಗಾಗಿ ಕಾಳು ಎರಡೇ ಸಾಲು. ಪ್ರತಿ ಕಾಳಿನ ತುದಿಗೂ ಉದ್ದನೆಯ ಊಬು, ಅಂದರೆ ಮೀಸೆ. ಜರ್ಮನಿಯ ಕಾರ್ಲ್ ಕೋಖ್ 1848ರಲ್ಲಿ ಇದಕ್ಕೆ ಹೊರ್ಡಿಯಮ್ ಸ್ಪೊಂಟೇನಿಯಮ್ ಎಂದು ಹೆಸರಿಟ್ಟರು. ಈಗ ಇದನ್ನು ಹೊಲದ ಬಾರ್ಲಿಯದೇ ಕಾಡು ರೂಪ ಅಂತ ಪರಿಗಣಿಸುತ್ತಾರೆ. ಎರಡಕ್ಕೂ 14 ಕ್ರೋಮೋಸೋಮ್, ಅಂದರೆ ಜೀನ್‌ಗಳನ್ನು ಹೊತ್ತ ಎಳೆಗಳು. ಎರಡನ್ನೂ ಬೆರೆಸಿದರೆ ಮಕ್ಕಳು ಹುಟ್ಟುತ್ತವೆ, ಆ ಮಕ್ಕಳಿಗೂ ಬೀಜ ಕಟ್ಟುತ್ತದೆ.

ಹಾಗಾದರೆ ಕಾಡಿನದಕ್ಕೂ ಹೊಲದ್ದಕ್ಕೂ ಫರಕು ಎಲ್ಲಿದೆ? ಮಾಗಿದ ಮೇಲೆ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ಹೊಲದ ಬಾರ್ಲಿಯ ತೆನೆ ಕೈಗೆ ಇಡಿಯಾಗಿ ಬರುತ್ತದೆ. ಕಾಡು ಬಾರ್ಲಿಯದು ಗೆಣ್ಣು ಗೆಣ್ಣಿಗೆ ಮುರಿದು ಬೀಳುತ್ತದೆ. ಮೇಲಿನಿಂದ ಶುರುವಾಗಿ ಕೆಳಗಿನವರೆಗೆ ಒಂದೊಂದೇ ತುಂಡು ಕಳಚುತ್ತದೆ. ಗಾಳಿ ಬೀಸಿದರೆ ಸಾಕು, ದನ ಪಕ್ಕದಲ್ಲಿ ಹಾದರೆ ಸಾಕು. ಕೆಲವೇ ದಿನಗಳಲ್ಲಿ ದಂಟಿನ ಮೇಲೆ ಏನೂ ಉಳಿದಿರುವುದಿಲ್ಲ.

ರಾಶಿ ಮಾಡುವವರಿಗೆ ಇದು ದೊಡ್ಡ ನಷ್ಟ. ಆದರೆ ಗಿಡದ ಕಡೆಯಿಂದ ಯೋಚಿಸಿ. ಅದಕ್ಕೆ ಬಿತ್ತುವವರು ಯಾರೂ ಇಲ್ಲ. ತನ್ನ ಬೀಜವನ್ನು ತಾನೇ ಬಿತ್ತಿಕೊಳ್ಳಬೇಕು. ಕಳಚಿ ಬಿದ್ದ ತುಂಡು ಬಾಣದ ಮೊನೆಯಂತಿರುತ್ತದೆ. ಮುಂದೆ ಚೂಪು, ಹಿಂದೆ ಊಬು. ಊಬಿನ ಮೇಲೆ ಸಣ್ಣ ಸಣ್ಣ ಗರಗಸದ ಹಲ್ಲು, ಎಲ್ಲ ಒಂದೇ ದಿಕ್ಕಿಗೆ. ಹಾಗಾಗಿ ಬೀಜ ಮುಂದೆ ಹೋಗಬಹುದು, ಹಿಂದೆ ಬರಲಾಗದು. ಅಲುಗಾಡಿದಷ್ಟೂ ಮಣ್ಣಿನ ಬಿರುಕಿನೊಳಗೆ, ಒಣ ಹುಲ್ಲಿನ ಕೆಳಗೆ ಇಳಿಯುತ್ತದೆ. ಇಲಿಗೂ ಇರುವೆಗೂ ಸುಲಭಕ್ಕೆ ಸಿಗದ ಜಾಗಕ್ಕೆ ಸೇರುತ್ತದೆ.

ಇಂಥದ್ದನ್ನು ನೀವೂ ನೋಡಿದ್ದೀರಿ. ಮಳೆಗಾಲ ಮುಗಿದ ಮೇಲೆ ಗುಡ್ಡದ ಕಡೆ ಹೋದರೆ ಪಂಚೆಗೆ, ಸೀರೆಯ ಅಂಚಿಗೆ ಚುಚ್ಚಿಕೊಳ್ಳುವ ಈಟಿ ಹುಲ್ಲು ಇದೆ ಅಲ್ವಾ? ಅದರ ಒಂದು ಬೀಜ ತಂದು ಒದ್ದೆ ಅಂಗೈ ಮೇಲೆ ಇಡಿ. ನೀರು ತಾಗಿದ ಕೂಡಲೇ ಊಬು ತಿರುಗಲು ಶುರು ಮಾಡುತ್ತದೆ. ಒಣಗಿದರೆ ಮತ್ತೆ ಸುರುಳಿ ಸುತ್ತುತ್ತದೆ. ಅದು ಬೇರೆ ಜಾತಿಯ ಹುಲ್ಲು, ಆದರೆ ಕೆಲಸ ಇದೇ. ಮಕ್ಕಳಿಗೆ ಒಮ್ಮೆ ತೋರಿಸಿ, ಖಂಡಿತ ಮರೆಯುವುದಿಲ್ಲ. ಬಾರ್ಲಿಯ ಕುಲದಲ್ಲಿ ಮೂವತ್ತಕ್ಕೂ ಜಾಸ್ತಿ ಜಾತಿಗಳಿವೆ. ಅವುಗಳಲ್ಲಿ ಹೊರ್ಡಿಯಮ್ ಮ್ಯೂರಿನಮ್ ಎಂಬುದರ ಊಬು ಕುರಿಗಳ ಕಣ್ಣಿಗೆ, ನಾಯಿಗಳ ಕಿವಿಗೆ ಹೊಕ್ಕು ಗಾಯ ಮಾಡುತ್ತದೆ. ಬೀಜ ಊರುವ ಅದೇ ಹಲ್ಲು ಅಲ್ಲಿ ಚರ್ಮ ಕೊರೆಯುತ್ತದೆ.

ಮುಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ, ಇದನ್ನು ತಿನ್ನಬಹುದಾ ಅಂತ. ತಿನ್ನಬಹುದು. ಮನುಷ್ಯರು ಇದನ್ನು ತಿಂದಿದ್ದಾರೆ, ಅದೂ ಬೇಸಾಯ ಹುಟ್ಟುವ ಎಷ್ಟೋ ಮೊದಲು.

ಇಸ್ರೇಲಿನ ಗಲಿಲೀ ಸರೋವರದಲ್ಲಿ 1989ರಲ್ಲಿ ನೀರು ತುಂಬಾ ಕೆಳಗೆ ಇಳಿಯಿತು. ಆಗ ದಡದಲ್ಲಿ ಸುಟ್ಟ ಗುಡಿಸಲುಗಳ ಜಾಗ ಹೊರಬಿತ್ತು. ಅದನ್ನು ಓಹಾಲೋ ಎರಡು ಅಂತ ಕರೆಯುತ್ತಾರೆ. ಸುಮಾರು 23,000 ವರ್ಷದ ಹಿಂದಿನ ನೆಲೆ. ಬೇಟೆಯಾಡಿ, ಮೀನು ಹಿಡಿದು, ಕಾಳು ಆಯ್ದು ಬದುಕಿದವರು ಅಲ್ಲಿದ್ದರು. ಸುಟ್ಟು ಕರಿಯಾದ ಕಾಡು ಬಾರ್ಲಿ ಕಾಳುಗಳು ಸಿಕ್ಕವು. ಒಂದು ಬೀಸುವ ಕಲ್ಲಿನ ಮೇಲೆ ಬಾರ್ಲಿಯ ಹಿಟ್ಟಿನ ಕಣಗಳೂ ಸಿಕ್ಕವು. ಹೊಲ ಇಲ್ಲ, ನೇಗಿಲು ಇಲ್ಲ, ಮಡಕೆ ಕೂಡ ಇಲ್ಲ. ಆದರೆ ಹಿಟ್ಟು ಇತ್ತು. ಜೋರ್ಡನ್ನಿನ ಶುಬಾಯ್ಕಾ ಎಂಬಲ್ಲಿ ಸುಮಾರು 14,400 ವರ್ಷದ ಹಿಂದಿನ ಒಲೆಯಲ್ಲಿ ರೊಟ್ಟಿಯ ಸುಟ್ಟ ಚೂರುಗಳು ಸಿಕ್ಕವು. 2018ರಲ್ಲಿ ಆ ಸುದ್ದಿ ಬಂತು. ಅದರಲ್ಲಿ ಕಾಡು ಧಾನ್ಯಗಳ ಜೊತೆ ನೀರಿನ ಜೊಂಡಿನ ಗೆಡ್ಡೆಯನ್ನೂ ಅರೆದು ಸೇರಿಸಿದ್ದರು. ರೊಟ್ಟಿ ಬಡಿಯುವ ನಾಡಿನವರು ನಾವು. ಬೇಸಾಯಕ್ಕಿಂತ ರೊಟ್ಟಿ ಹಳೆಯದು ಎಂಬ ಮಾತು ನನಗಂತೂ ತುಂಬಾ ಖುಷಿ ಕೊಡುತ್ತದೆ.

ಆದರೆ ತಿನ್ನುವುದು ಸುಲಭ ಇರಲಿಲ್ಲ. ಕಾಡು ಬಾರ್ಲಿಯ ಸಿಪ್ಪೆ ಕಾಳಿಗೆ ಕಚ್ಚಿಕೊಂಡಿರುತ್ತದೆ. ಹುರಿಯಬೇಕು, ಕುಟ್ಟಬೇಕು, ಕೇರಬೇಕು, ಆಮೇಲೆ ಬೀಸಬೇಕು. ಅದಕ್ಕೂ ಮೊದಲು ಉದುರುವ ತೆನೆಯಿಂದ ಕಾಳನ್ನು ಹಿಡಿಯಬೇಕು. ಹೇಗೆ ಹಿಡಿದರು? ಬುಟ್ಟಿ ಹಿಡಿದು ತೆನೆ ಬಡಿದರೆ ಮಾಗಿದ್ದು ಬುಟ್ಟಿಗೆ ಬೀಳುತ್ತದೆ. ಇಲ್ಲದಿದ್ದರೆ ಪೂರ್ತಿ ಮಾಗುವ ಮೊದಲೇ, ಇನ್ನೂ ಹಸಿರು ಇರುವಾಗ ಕೊಯ್ದುಬಿಡಬೇಕು. ಹಸಿ ತೆನೆ ಮುರಿಯುವುದಿಲ್ಲ. ನಾವು ಜೋಳದ ಸೀತನಿ ಸುಡುವುದಕ್ಕೆ ಹಾಲುಗಾಳು ಗಟ್ಟಿಯಾಗುವ ಹೊತ್ತು ನೋಡುತ್ತೇವಲ್ಲ, ಆ ಹೊತ್ತು. ರುಚಿಗಾಗಿ ನಾವು ಕಾಯುವ ಗಳಿಗೆಯನ್ನು ಅವರು ಕಾಳು ಕೈತಪ್ಪದಿರಲಿ ಅಂತ ಕಾಯುತ್ತಿದ್ದರು.

ಎಷ್ಟು ಸಿಗುತ್ತಿತ್ತು ಅಂತ ಒಬ್ಬ ವಿಜ್ಞಾನಿ ಕೈಯಾರೆ ಕೊಯ್ದು ನೋಡಿದರು. ಅಮೆರಿಕದ ಜ್ಯಾಕ್ ಹಾರ್ಲನ್. 1966ರಲ್ಲಿ ಟರ್ಕಿಯ ಕರಜಾದಾಗ್ ಬೆಟ್ಟಕ್ಕೆ ಹೋಗಿ ಕಲ್ಲಿನ ಅಲಗಿನ ಕುಡಗೋಲಿನಿಂದ ಕಾಡು ಗೋಧಿ ಕೊಯ್ದರು. ಬಾರ್ಲಿ ಅಲ್ಲ, ಐನ್‌ಕಾರ್ನ್ ಎಂಬ ಕಾಡು ಗೋಧಿ. ಒಂದು ತಾಸಿಗೆ ಸುಮಾರು ಒಂದು ಕಿಲೋ ಸ್ವಚ್ಛ ಕಾಳು ಸಿಕ್ಕಿತು. ಬೆಟ್ಟದ ಬುಡದಲ್ಲಿ ಮೊದಲು ಮಾಗುತ್ತದೆ, ಮೇಲೆ ತಡವಾಗಿ ಮಾಗುತ್ತದೆ. ಒಂದು ಮನೆಯವರು ಬುಡದಿಂದ ಕೊಯ್ಯುತ್ತಾ ಮೇಲೇರಿದರೆ ಮೂರು ವಾರದಲ್ಲಿ ವರ್ಷಕ್ಕೆ ಮಿಕ್ಕುವಷ್ಟು ಕಾಳು ಕೂಡಿಸಬಹುದು ಅಂತ ಅವರು ಲೆಕ್ಕ ಹಾಕಿದರು. ನಾನು ಇದನ್ನು ಮೊದಲು ಓದಿದಾಗ ಆಶ್ಚರ್ಯಪಟ್ಟೆ. ಅಷ್ಟು ಸಿಗುವುದಾದರೆ ಬಿತ್ತುವ ಕಷ್ಟ ಯಾಕೆ ಬೇಕಿತ್ತು? ಇದಕ್ಕೆ ಒಂದೇ ಉತ್ತರ ಇಲ್ಲ, ವಿದ್ವಾಂಸರು ಇನ್ನೂ ಚರ್ಚೆ ಮಾಡುತ್ತಿದ್ದಾರೆ. ನನಗೆ ಅನಿಸುವುದು, ಒಳ್ಳೆ ವರ್ಷದಲ್ಲಿ ಬೆಟ್ಟ ಕೊಡುತ್ತದೆ, ಬರ ಬಿದ್ದ ವರ್ಷ ಕೊಡುವುದಿಲ್ಲ. ಬರ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಿತ್ತಲು ಶುರು ಮಾಡಿದ ಮೇಲೆ ಏನಾಯಿತು ಎಂಬುದು ಈ ಕತೆಯ ಮುಖ್ಯ ಭಾಗ. ದಯವಿಟ್ಟು ನಿಧಾನವಾಗಿ ಕೇಳಿ. ಕಾಡು ಬಾರ್ಲಿಯ ನಡುವೆ ಅಲ್ಲೊಂದು ಇಲ್ಲೊಂದು ಗಿಡದ ತೆನೆ ಮುರಿಯುವುದಿಲ್ಲ. ಅದು ಹುಟ್ಟಿನಲ್ಲೇ ಆದ ಬದಲಾವಣೆ. ಕಾಡಿನಲ್ಲಿ ಅಂಥ ಗಿಡಕ್ಕೆ ಉಳಿವು ಕಡಿಮೆ. ತೆನೆ ದಂಟಿನ ಮೇಲೇ ಉಳಿದರೆ ಹಕ್ಕಿ ತಿನ್ನುತ್ತದೆ. ಆದರೆ ಕುಡಗೋಲು ಹಿಡಿದವರು ಮಾಗಿದ ಪೈರು ಕೊಯ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಉದುರುವ ಕಾಳು ನೆಲಕ್ಕೆ ಹೋಗುತ್ತದೆ, ಉದುರದ ತೆನೆ ಮನೆಗೆ ಬರುತ್ತದೆ. ಮನೆಗೆ ಬಂದದ್ದರಲ್ಲೇ ಮುಂದಿನ ವರ್ಷದ ಬೀಜ. ಹೊಸ ನೆಲದಲ್ಲಿ ಬಿತ್ತಿದರೆ ಉದುರದವುಗಳ ಪಾಲು ವರ್ಷ ವರ್ಷಕ್ಕೆ ಏರುತ್ತದೆ. ಇದನ್ನು ಯಾರೂ ಯೋಜನೆ ಹಾಕಿ ಮಾಡಲಿಲ್ಲ. ಕೊಯ್ಯುವ ಕೈಯೇ ಆರಿಸಿತು.

ಬ್ರಿಟನ್ನಿನ ಗಾರ್ಡನ್ ಹಿಲ್ಮನ್ ಅವರು ಕಾಡು ಧಾನ್ಯ ಬೆಳೆದು, ಕೊಯ್ದು ಲೆಕ್ಕ ಮಾಡಿದಾಗ ಈ ಬದಲಾವಣೆ ಇನ್ನೂರು ವರ್ಷದೊಳಗೆ ಆಗಿಬಿಡಬಹುದು ಅಂತ ಕಂಡಿತು. ಆದರೆ ಅಗೆದು ತೆಗೆದ ಹಳೇ ಕಾಳುಗಳು ಬೇರೆ ಮಾತು ಹೇಳುತ್ತವೆ. ತೆನೆಯ ತುಂಡಿನ ಬುಡ ನುಣುಪಾಗಿದ್ದರೆ ಅದು ತಾನಾಗಿ ಕಳಚಿದ್ದು, ಕಾಡಿನದು. ಹರಿದ ಗುರುತು ಇದ್ದರೆ ಒಕ್ಕಿ ಬಿಡಿಸಿದ್ದು, ಹೊಲದ್ದು. ಹೀಗೆ ಎಣಿಸಿ ನೋಡಿದರೆ ಸಾವಿರ ವರ್ಷಕ್ಕೂ ಜಾಸ್ತಿ ಕಾಲ ಎರಡೂ ಬೆರೆತೇ ಇದ್ದವು. ಜೋರ್ಡನ್ ಕಣಿವೆಯ ಗಿಲ್ಗಾಲ್‌ನಲ್ಲಿ ಸುಮಾರು 11,400 ವರ್ಷದ ಹಿಂದಿನ ಮನೆಯೊಂದರಲ್ಲಿ ಲಕ್ಷಕ್ಕೂ ಮೀರಿ ಬಾರ್ಲಿ ಕಾಳು ಕೂಡಿಟ್ಟದ್ದು ಸಿಕ್ಕಿತು. ಅಷ್ಟೂ ಕಾಡು ಬಾರ್ಲಿಯೇ.

ತೆನೆ ಮುರಿಯುವುದನ್ನು ನಡೆಸುವ ಎರಡು ಜೀನ್‌ಗಳನ್ನು ಜಪಾನಿನ ತಕಾವೊ ಕೊಮಾತ್ಸುದಾ ಅವರ ತಂಡ 2015ರಲ್ಲಿ ಬಿಡಿಸಿ ತೋರಿಸಿತು. ಎರಡೂ ಅಕ್ಕಪಕ್ಕದಲ್ಲೇ ಇವೆ. ಎರಡೂ ಸರಿ ಇದ್ದರೆ ತೆನೆ ಉದುರುತ್ತದೆ. ಒಂದು ಕೆಟ್ಟರೂ ಉದುರುವುದು ನಿಲ್ಲುತ್ತದೆ. ಹೊಲದ ಬಾರ್ಲಿಯಲ್ಲಿ ಕೆಟ್ಟದ್ದು ಹೀಗೆ: ಒಂದು ಜೀನ್‌ನಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರ ಬಿಟ್ಟುಹೋಗಿದೆ, ಇನ್ನೊಂದರಲ್ಲಿ 11 ಅಕ್ಷರ. ಬಾರ್ಲಿಯ ಜೀನೋಮ್‌ನಲ್ಲಿ ಅಂದರೆ ಅದರ ಇಡೀ ಡಿಎನ್‌ಎಯಲ್ಲಿ ಸುಮಾರು 500 ಕೋಟಿ ಅಕ್ಷರಗಳಿವೆ, ಮನುಷ್ಯರದಕ್ಕಿಂತ ಜಾಸ್ತಿ. ಅದರಲ್ಲಿ ಒಂದು ಅಕ್ಷರ ಬಿದ್ದುಹೋದದ್ದಕ್ಕೆ ಕಣದಲ್ಲಿ ರಾಶಿ ಬಿತ್ತು. ಇವತ್ತಿನ ಬಾರ್ಲಿ ತಳಿಗಳಲ್ಲಿ ಕೆಲವಕ್ಕೆ ಮೊದಲನೆಯದು, ಕೆಲವಕ್ಕೆ ಎರಡನೆಯದು ಇದೆ. ಅಂದರೆ ಉದುರದ ತೆನೆಯನ್ನು ಜನ ಒಂದೇ ಕಡೆ ಅಲ್ಲ, ಬೇರೆ ಬೇರೆ ಕಡೆ ಹಿಡಿದುಕೊಂಡರು.

ಎಲ್ಲ ಕಡೆಯೂ ಹೀಗೇ ಮುಂದುವರಿಯಲಿಲ್ಲ. ಉತ್ತರ ಅಮೆರಿಕದಲ್ಲಿ ಹೊರ್ಡಿಯಮ್ ಪುಸಿಲಮ್ ಎಂಬ ಪುಟ್ಟ ಬಾರ್ಲಿ ಇದೆ. ಅಲ್ಲಿನ ಮೂಲನಿವಾಸಿಗಳು ಅದನ್ನೂ ಬೆಳೆಸಿದ್ದರು. ಮೆಕ್ಕೆಜೋಳ ಹಬ್ಬಿದ ಮೇಲೆ ಕೈಬಿಟ್ಟರು. ಈಗ ಅದು ಅಲ್ಲಿ ದಾರಿ ಪಕ್ಕದ ಕಸ.

ಇನ್ನು ನಮ್ಮ ಕಡೆ ಬರೋಣ. ಬಲೂಚಿಸ್ತಾನದ ಮೆಹರ್‌ಗಢದಲ್ಲಿ ಸುಮಾರು 9,000 ವರ್ಷದ ಹಿಂದೆ ಬಾರ್ಲಿಯೇ ಮುಖ್ಯ ಬೆಳೆ. ಅಲ್ಲಿಂದ ನಿಧಾನಕ್ಕೆ ದಕ್ಷಿಣಕ್ಕೆ ಬಂತು. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ಹೊಸ ಶಿಲಾಯುಗದ ಪದರಗಳಲ್ಲಿ ಗೋಧಿ, ಬಾರ್ಲಿ ಕಾಳು ಸಿಕ್ಕಿವೆ, ಆದರೆ ಕಡಿಮೆ. ಆ ಜನರ ಹೊಟ್ಟೆ ತುಂಬಿಸಿದ್ದು ನಮ್ಮ ನೆಲದ್ದೇ ಬೆಳೆಗಳು. ಕೊರಲೆ, ಹುರುಳಿ, ಹೆಸರು. ಯಾದಗಿರಿಯಿಂದ ಬಂದವರು ಕೈ ಎತ್ತಿ ನೋಡೋಣ. ನಿಮ್ಮ ಸುರಪುರ ಸೀಮೆಯ ಬೂದಿಹಾಳ, ಕೊಡೇಕಲ್ಲಿನಲ್ಲಿ ಆ ಕಾಲದವರ ಬೂದಿಗುಡ್ಡಗಳಿವೆ. ಪುರಾತತ್ವಜ್ಞ ಕೆ. ಪದ್ದಯ್ಯ ಅವರು ಅಲ್ಲಿ ಅಗೆದು, ಅವು ದನದ ದೊಡ್ಡಿಯ ಸಗಣಿ ಸುಟ್ಟು ಆದ ಗುಡ್ಡಗಳು ಅಂತ ವಿವರವಾಗಿ ತೋರಿಸಿದ್ದಾರೆ. ಪಕ್ಕದಲ್ಲೇ ಮನೆಗಳ ಗುರುತೂ ಇದೆ. ನಮ್ಮ ಬೇಸಾಯದ ಇತಿಹಾಸ ಓದಲು ಪರದೇಶಕ್ಕೇ ಹೋಗಬೇಕಾಗಿಲ್ಲ. ಸುರಪುರದ ಬಸ್ಸು ಹತ್ತಿದರೆ ಸಾಕು.

ಉದುರುವುದರ ಬಗ್ಗೆ ಇಷ್ಟು ಹೇಳಿದೆ. ನಮಗೆ ಜಾಸ್ತಿ ನಷ್ಟ ತಂದದ್ದು ಇನ್ನೊಂದು ಗುಣವನ್ನು ಕಳೆದುಕೊಂಡದ್ದು. ಆ ಗುಣ ಬೀಜದ ನಿದ್ದೆ.

ಕಾಡು ಬಾರ್ಲಿಯ ಬೀಜ ಮೇ ತಿಂಗಳಲ್ಲಿ ಬೀಳುತ್ತದೆ. ಮುಂದೆ ನಾಲ್ಕೈದು ತಿಂಗಳು ಬೆಂಕಿಯಂಥ ಬಿಸಿಲು. ನಡುವೆ ಒಂದು ಅಡ್ಡಮಳೆ ಬಂದರೆ, ಬೀಜ ಮೊಳೆತರೆ, ಸತ್ತಿತು. ಅದಕ್ಕೇ ಬಿದ್ದ ಹೊಸತರಲ್ಲಿ ನೀರು ಸಿಕ್ಕಿದರೂ ಅದು ಏಳುವುದಿಲ್ಲ. ಬೇಸಿಗೆಯ ಬಿಸಿ, ಒಣ ಹವೆಯಲ್ಲಿ ತಿಂಗಳುಗಟ್ಟಲೆ ಇದ್ದ ಮೇಲೆ ಆ ನಿದ್ದೆ ತಾನಾಗಿ ತಿಳಿಯಾಗುತ್ತದೆ. ಇನ್ನೂ ಒಂದು ವಿಶೇಷ ಇದೆ. ಮಳೆ ಚೆನ್ನಾಗಿರುವ ಜಾಗದ ಗಿಡಗಳ ಬೀಜಕ್ಕೆ ನಿದ್ದೆ ಹಗುರ. ಇಸ್ರೇಲಿನ ನೆಗೆವ್ ಮರುಭೂಮಿಯ ಗಿಡಗಳ ಬೀಜಕ್ಕೆ ಗಾಢ. ಮಳೆಯನ್ನು ನಂಬಲಾಗದ ಕಡೆ ಬೀಜ ಜಾಸ್ತಿ ಹುಷಾರಾಗಿರುತ್ತದೆ.

ಬೇಸಾಯಕ್ಕೆ ಈ ಹುಷಾರು ಬೇಡವಾಯಿತು. ಬಿತ್ತಿದ ಬೀಜವೆಲ್ಲ ಒಟ್ಟಿಗೆ ಹುಟ್ಟಬೇಕು ಅಂತ ನಾವು ಬಯಸುತ್ತೇವೆ. ತಡವಾಗಿ ಹುಟ್ಟಿದ್ದು ಕುಂಟೆಗೆ ಸಿಕ್ಕಿ ಹೋಗುತ್ತದೆ. ಬಾರ್ಲಿಯಲ್ಲಂತೂ ಮಾಲ್ಟ್ ಮಾಡುವವರಿಗೆ, ಅಂದರೆ ಕಾಳು ಮೊಳೆಯಿಸಿ ಒಣಗಿಸುವವರಿಗೆ, ಎಲ್ಲ ಕಾಳೂ ಒಂದೇ ಹೊತ್ತಿಗೆ ಮೊಳೆಯಬೇಕು. ಅವರಿಗಾಗಿ ನಿದ್ದೆಯನ್ನು ಇನ್ನೂ ಕಳೆದರು. ಪರಿಣಾಮ ಏನು? ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ತೆನೆಯಲ್ಲೇ ಮೊಳಕೆ. ನಿಮಗೆ ಇದು ಹೊಸದಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೆಸರು ಬಿಡಿಸುವ ಹೊತ್ತಿಗೆ ಮಳೆ ಬಿಡದೆ ಸುರಿದರೆ ಕಾಯಿಯೊಳಗೇ ಮೊಳಕೆ ಬರುತ್ತದೆ. ಕಣ್ಣೆದುರೇ ಬೆಳೆ ಹೋಗುತ್ತದೆ. ಆ ಸಂಕಟ ಅನುಭವಿಸಿದವರು ಇಲ್ಲಿ ಎಷ್ಟೋ ಜನ ಇದ್ದೀರಿ. ಮಳೆಯದ್ದು ತಪ್ಪು ಅಂತ ನಾವು ಹೇಳುತ್ತೇವೆ. ಆದರೆ ಆ ಬೀಜದ ಕಾಡು ಪೂರ್ವಜರಿಗೆ ಅಂಥ ಮಳೆಯನ್ನು ತಾಳಿಕೊಂಡು ಮಲಗಿರುವ ಶಕ್ತಿ ಇತ್ತು. ಅದನ್ನು ಸ್ವಲ್ಪ, ಬೇಕಾದಷ್ಟೇ, ಒಂದೆರಡು ವಾರದ ನಿದ್ದೆ ಮಾತ್ರ, ಮರಳಿ ತರಬಹುದೇ ಎಂಬುದು ಇವತ್ತು ತಳಿ ವಿಜ್ಞಾನಿಗಳ ಮುಂದಿರುವ ನಿಜವಾದ ಕೆಲಸ.

ತರಬೇಕಾದರೆ ಕಾಡು ಗಿಡ ಉಳಿದಿರಬೇಕು. ಒಂದು ಗಿಡ ಉಳಿದರೆ ಸಾಲದು, ಜಾಗ ಜಾಗದ್ದು ಉಳಿದಿರಬೇಕು. ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದ ಎವಿಯಾತರ್ ನೆವೊ ಅವರು ಕಾರ್ಮೆಲ್ ಬೆಟ್ಟದ ಒಂದು ಕಣಿವೆಯನ್ನು ದಶಕಗಟ್ಟಲೆ ಅಭ್ಯಾಸ ಮಾಡಿದರು. ಕಣಿವೆಯ ತಳದಲ್ಲಿ ಎರಡು ಇಳಿಜಾರುಗಳ ನಡುವೆ ನೂರು ಮೀಟರ್ ಅಂತರ. ಮೇಲೆ ನಾನೂರು. ಒಂದು ಇಳಿಜಾರು ದಕ್ಷಿಣಕ್ಕೆ ಮುಖ ಮಾಡಿದೆ, ಬಿಸಿಲು ಜಾಸ್ತಿ, ಒಣ. ಎದುರಿನದು ತಂಪು, ಹಸಿರು. ಎರಡೂ ಕಡೆ ಕಾಡು ಬಾರ್ಲಿ ಇದೆ. ಕೂಗಿದರೆ ಕೇಳುವಷ್ಟು ಹತ್ತಿರ, ಆದರೂ ಎರಡರ ಜೀನ್‌ಗಳಲ್ಲಿ ಎದ್ದು ಕಾಣುವ ಫರಕು. ಒಂದು ಕಡೆಯಿಂದ ಮಾತ್ರ ಬೀಜ ಕೂಡಿಟ್ಟರೆ ಬರ ತಾಳುವ ಗುಣ ಕೈತಪ್ಪಬಹುದು.

ಕೂಡಿಟ್ಟ ಬೀಜಕ್ಕೂ ಆಪತ್ತು ಬರುತ್ತದೆ. ಸಿರಿಯಾದ ಅಲೆಪ್ಪೊ ಬಳಿ ಇಕಾರ್ಡಾ ಎಂಬ ಒಣಭೂಮಿ ಕೃಷಿ ಸಂಶೋಧನಾ ಸಂಸ್ಥೆಯ ಬೀಜ ಭಂಡಾರ ಇತ್ತು. ಬಾರ್ಲಿ, ಗೋಧಿ, ಕಡಲೆ, ಮಸೂರ, ಅವುಗಳ ಕಾಡು ನಂಟರು ಎಲ್ಲ ಅಲ್ಲಿದ್ದವು. ಯುದ್ಧ ಶುರುವಾಗಿ ಅಲ್ಲಿ ಕೆಲಸ ಮಾಡಲಾಗದೆ ಹೋಯಿತು. ಪುಣ್ಯಕ್ಕೆ ಬೀಜದ ಇನ್ನೊಂದು ಪಾಲನ್ನು ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಹೆಪ್ಪುಗಟ್ಟಿದ ಬೆಟ್ಟದೊಳಗಿನ ಭಂಡಾರಕ್ಕೆ ಕಳಿಸಿದ್ದರು. ಆ ಭಂಡಾರ ತೆರೆದದ್ದು 2008ರಲ್ಲಿ. ಅಲ್ಲಿಂದ ಮೊಟ್ಟಮೊದಲ ಬಾರಿಗೆ ಬೀಜ ಹೊರಗೆ ತೆಗೆದದ್ದು 2015ರಲ್ಲಿ, ಇಕಾರ್ಡಾಕ್ಕಾಗಿ. ಲೆಬನಾನ್ ಮತ್ತು ಮೊರಾಕ್ಕೊದಲ್ಲಿ ಬಿತ್ತಿ, ಬೆಳೆದು, 2017ರಲ್ಲಿ ಒಂದು ಪಾಲನ್ನು ಸ್ವಾಲ್ಬಾರ್ಡಿಗೆ ವಾಪಸ್ ಕಳಿಸಿದರು. ಎರವಲು ತಂದ ಬೀಜವನ್ನು ಸುಗ್ಗಿಯಾದ ಮೇಲೆ ತಿರುಗಿಸಿದ ಹಾಗೆ.

ನಮಗೆ ಇಂಥ ಭಂಡಾರ ದೂರ ಇಲ್ಲ. ಹುಮನಾಬಾದ್ ಮೇಲೆ ಹೈದರಾಬಾದಿಗೆ ಹೋಗುವಾಗ ಪಟಾನ್‌ಚೆರು ಬರುತ್ತದೆ ಅಲ್ವಾ? ಅಲ್ಲಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಎಲ್ಲ ಸೇರಿ 1,20,000ಕ್ಕೂ ಹೆಚ್ಚು ಬೀಜ ಮಾದರಿಗಳಿವೆ. ಕಾಡು ತೊಗರಿಗಳೂ ಇವೆ.

ಕಾಡು ತೊಗರಿಯ ಮಾತು ಬಂದ ಮೇಲೆ ಒಂದು ಗಿಡದ ಗುರುತು ಹೇಳುತ್ತೇನೆ. ಕಜಾನಸ್ ಸ್ಕ್ಯಾರಬಿಯಾಯ್ಡಿಸ್ ಅಂತ ಅದರ ಹೆಸರು. ತೊಗರಿಯ ಹಾಗೆ ನೆಟ್ಟಗೆ ನಿಲ್ಲುವುದಿಲ್ಲ, ಹುಲ್ಲಿನ ಮೇಲೆ ಹಬ್ಬುವ ಬಳ್ಳಿ. ಮೂರು ಮೂರು ಎಲೆ, ಸಣ್ಣ ಹಳದಿ ಹೂ, ಮೈತುಂಬಾ ಕೂದಲಿರುವ ಗಿಡ್ಡ ಕಾಯಿ. ಭಾರತದ ಎಷ್ಟೋ ಕಡೆ ಹುಲ್ಲುಗಾವಲಿನಲ್ಲಿ, ಒಡ್ಡಿನ ಮೇಲೆ ತಾನಾಗಿ ಬೆಳೆಯುತ್ತದೆ. ಕಾಯಿ ಮಾಗಿದರೆ ಸಿಡಿದು ಬೀಜ ಚೆಲ್ಲುತ್ತದೆ. ಕಾಡು ಬಾರ್ಲಿ ಮಾಡುವ ಕೆಲಸವೇ. ಆ ಕಾಯಿಯ ದಟ್ಟ ಕೂದಲಿನ ಮೇಲೆ ಕಾಯಿಕೊರಕದ ಸಣ್ಣ ಮರಿಗಳು ಸರಿಯಾಗಿ ಮೇಯಲಾರವು. ತೊಗರಿ ಹೂವಿಗೆ ಬಂದ ಮೇಲೆ ನೀವು ಎಷ್ಟು ಸಲ ಔಷಧಿ ಹೊಡೆಯುತ್ತೀರಿ, ಅದಕ್ಕೆ ಎಷ್ಟು ದುಡ್ಡು ಸುರಿಯುತ್ತೀರಿ ಅಂತ ನನಗೆ ಗೊತ್ತಿದೆ. ಆ ಹುಳಕ್ಕೆ ಎದುರು ನಿಲ್ಲುವ ಗುಣ ನಿಮ್ಮ ಒಡ್ಡಿನ ಕಸದಲ್ಲಿ ಇರಬಹುದು.

ಆದ್ದರಿಂದ ನನ್ನದು ಒಂದು ಕೋರಿಕೆ. ಒಡ್ಡುಗಳಿಗೆಲ್ಲ ಕಳೆನಾಶಕ ಹೊಡೆಯಬೇಡಿ. ಒಂದು ಒಡ್ಡನ್ನಾದರೂ ಬೀಜ ಕಟ್ಟಿ ಉದುರುವವರೆಗೆ ಸುಮ್ನೆ ಬಿಡಿ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತೀರಿ. ಆ ದಿನ ಊಟ ಆದ ಮೇಲೆ ಮಕ್ಕಳನ್ನು ಕರೆದುಕೊಂಡು ಒಡ್ಡಿನ ಉದ್ದಕ್ಕೂ ಒಂದು ಸುತ್ತು ಬನ್ನಿ. ನಾನು ಹೇಳಿದಂಥ ಬಳ್ಳಿ ಕಂಡರೆ ಬೇರು ಕೀಳಬೇಡಿ. ಒಣಗಿದ ನಾಲ್ಕು ಕಾಯಿ ಬಿಡಿಸಿ ಕಾಗದದ ಪೊಟ್ಟಣದಲ್ಲಿ ಹಾಕಿ. ಪ್ಲಾಸ್ಟಿಕ್ ಬೇಡ, ಬೂಸು ಹಿಡಿಯುತ್ತದೆ. ಪೊಟ್ಟಣದ ಮೇಲೆ ಊರು, ತಿಂಗಳು, ಮಣ್ಣು ಎರೆಯೋ ಮಸಾರಿಯೋ, ಅಕ್ಕಪಕ್ಕ ಏನು ಬೆಳೆದಿತ್ತು ಅಂತ ಬರೆಯಿರಿ. ನಿಮ್ಮ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಿ. ಜೊತೆಗೆ ಗಿಡದ ಒಂದು ಫೋಟೊ ಇದ್ದರೆ ಗುರುತು ಹಿಡಿಯುವುದು ಇನ್ನೂ ಸುಲಭ.